ಕೋವಿಗೆ ಹೊಸ ಸ್ಪ್ರಿಂಗು ಹಾಕಿಸಿದ ಮೇಲೆ

ತೋಟದಲ್ಲಿ ಕೋವಿ ಇಟ್ಟುಕೊಂಡಿರುವ ಸದಸ್ಯರಿಂದ ಮುಂಗಾರಿನ ಹೊತ್ತಿಗೆ ನಮಗೆ ಬರುವ ದೂರು ಹೆಚ್ಚುಕಡಿಮೆ ಒಂದೇ ತೆರನಾದುದು: "ಹೊಸ ಸ್ಪ್ರಿಂಗು ಹಾಕಿಸಿದ್ದಾಯಿತು, ಆದರೂ ಈಡು ಹಾರುವುದಿಲ್ಲ." ಕೆಲವರ ದೂರು ಇದಕ್ಕೆ ತದ್ವಿರುದ್ಧ. ಒಂದು ಟ್ರಿಗರ್ ಎಳೆದರೆ ಎರಡೂ ನಳಿಗೆಗಳು ಒಟ್ಟಿಗೆ ಹಾರಿಬಿಡುತ್ತವೆ ಎಂದು ಅವರು ಹೇಳುತ್ತಾರೆ. ಮೊದಲನೆಯದರಿಂದ ಮಂಗಗಳಿಗೆ ಹಬ್ಬ. ಎರಡನೆಯದರಿಂದ ಮನೆಯವರ ಜೀವಕ್ಕೆ ಅಪಾಯ. ಎರಡಕ್ಕೂ ಕಾರಣ ಬಹುಮಟ್ಟಿಗೆ ಒಂದೇ. ಹಾಕಿಸಿದ ಸ್ಪ್ರಿಂಗು ಗಟ್ಟಿಯಾಗಿದೆಯೇ ಎಂದು ನೋಡಿರುತ್ತಾರೆಯೇ ಹೊರತು ಆ ಕೋವಿಗೆ ಹೊಂದುತ್ತದೆಯೇ ಎಂದು ನೋಡಿರುವುದಿಲ್ಲ. ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುವುದು ಒಳಿತೆಂದು ತೋರಿತು.

ಮೊದಲು ಕಾಯ್ದೆಯ ಮಾತು ಒಂದೆರಡು. ತೋಟದವರ ಬಳಿ ಇರುವುದು ಬಹುತೇಕ ಬೆಳೆ ರಕ್ಷಣೆಯ ಪರವಾನಗಿಯ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆಂದು ಮೊದಲು ಹೇಳಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನೇ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟೆ ಕೋವಿಗೆ ಅಪ್ಪಣೆ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಅಂದರೆ 2029ರವರೆಗೆ, ಮುಂದುವರಿಸಿದೆ. ಯಾರ ಕೈಯಲ್ಲಿದ್ದರೂ ಕೋವಿಯ ಕೆಲಸ ಸದ್ದು ಮಾಡಿ ಓಡಿಸುವುದು. ಅಪ್ಪಣೆಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೋವಿಯ ಒಳಗಿನ ಸಂಗತಿ. ಕುದುರೆಯನ್ನು ಮುಂದಕ್ಕೆ ಹೊಡೆಯುವುದು ದೊಡ್ಡ ಸ್ಪ್ರಿಂಗು. ಎಳೆದ ಕುದುರೆಯನ್ನು ಬೀಳದಂತೆ ಹಿಡಿದಿರುವುದು ಒಂದು ಪುಟ್ಟ ತಡೆಕೊಂಡಿ. ರಿಪೇರಿಯವರು ಇದನ್ನು ಸಿಯರ್ ಎನ್ನುತ್ತಾರೆ. ಈ ಕೊಂಡಿಯ ಮೂತಿಯನ್ನು ಕುದುರೆಯ ಬುಡದಲ್ಲಿರುವ ಕಚ್ಚಿಗೆ ಒತ್ತಿ ಹಿಡಿಯಲು ಇನ್ನೊಂದು ಸಣ್ಣ ಸ್ಪ್ರಿಂಗು ಇರುತ್ತದೆ. ಟ್ರಿಗರ್ ಎಳೆದಾಗ ಕೊಂಡಿ ಕಚ್ಚಿನಿಂದ ಜಾರಿ ಕುದುರೆ ಬೀಳುತ್ತದೆ, ಪಿನ್ನು ತೋಟೆಯ ಕೇಪನ್ನು ಕುಟ್ಟುತ್ತದೆ. ಹೊರಗೆ ಕಾಣುವ ಕುದುರೆಯ ಹಳೆಯ ಕೋವಿಯಾಗಲಿ, 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ರೂಪಿಸಿದ, ಕುದುರೆ ಒಳಗೇ ಅಡಗಿರುವ ಮಾದರಿಯಾಗಲಿ, ತತ್ತ್ವ ಇದೇ. ಒಳಗುದುರೆಯ ಕೋವಿಯಲ್ಲಿ ನಳಿಗೆ ಮಡಚಿದಾಗ ಕುದುರೆ ತಾನಾಗಿಯೇ ಏರುತ್ತದೆ, ಅಷ್ಟೇ ವ್ಯತ್ಯಾಸ.

ಈಡು ಹಾರದಿದ್ದಾಗ ಸ್ಪ್ರಿಂಗನ್ನು ಬೈಯುವ ಮೊದಲು ತೋಟೆಯ ಬೆನ್ನನ್ನು ನೋಡಬೇಕು. ಆದರೆ ಕೂಡಲೇ ಕೋವಿ ಮಡಚಕೂಡದು. ಮದ್ದಿಗೆ ತಡವಾಗಿ ಕಿಡಿ ತಗಲುವುದುಂಟು. ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಒಂದು ನಿಮಿಷವಾದರೂ ಕಾದು ಆಮೇಲೆ ತೆಗೆಯತಕ್ಕದ್ದು. ಕೇಪಿನ ನಡುವೆ ಆಳವಾದ, ಗುಂಡಗಿನ ಗುಳಿ ಬಿದ್ದಿದ್ದರೆ ಕೋವಿ ತನ್ನ ಕೆಲಸ ಮಾಡಿದೆ, ದೋಷ ತೋಟೆಯದು. ಅಡಿಗೆಮನೆಯ ಅಟ್ಟದಲ್ಲಿ ಎರಡು ಮಳೆಗಾಲ ಕಳೆದ ತೋಟೆಯಿಂದ ಇನ್ನೇನನ್ನು ನಿರೀಕ್ಷಿಸಲು ಸಾಧ್ಯ? ಗುಳಿ ಮೇಲುಮೇಲಕ್ಕೆ ಮಾತ್ರ ಬಿದ್ದಿದ್ದರೆ ದೋಷ ಕೋವಿಯದು. ಗುಳಿ ಒಂದು ಪಕ್ಕಕ್ಕೆ ಸರಿದಿದ್ದರೆ ಪಿನ್ನು ಬಾಗಿರಬಹುದು, ಇಲ್ಲವೇ ನಳಿಗೆ ಸವೆದು ಸಡಿಲವಾಗಿರಬಹುದು. ಜೋಡು ನಳಿಗೆಯವರಿಗೆ ಒಂದು ಅನುಕೂಲವಿದೆ. ಒಂದೇ ಪೆಟ್ಟಿಗೆಯ ಎರಡು ಹೊಸ ತೋಟೆಗಳನ್ನು ಎರಡೂ ಕಡೆ ಹಾರಿಸಿ ಕೇಪುಗಳನ್ನು ತಾಳೆ ನೋಡಿದರೆ ಯಾವ ಬದಿ ಸೋತಿದೆಯೆಂದು ತಿಳಿಯುತ್ತದೆ. ಒಮ್ಮೆ ಕುಟ್ಟಿಸಿಕೊಂಡೂ ಹಾರದ ತೋಟೆಯನ್ನು ಮತ್ತೆ ಮತ್ತೆ ಹಾಕಿ ಪ್ರಯೋಗ ಮಾಡುವುದು ಬೇಡ.

ಗುಳಿ ಆಳವಿಲ್ಲವೆಂದ ಮಾತ್ರಕ್ಕೆ ಸ್ಪ್ರಿಂಗು ದುರ್ಬಲವೆಂದೂ ಅಲ್ಲ. ಕೋವಿಗೆ ತೆಂಗಿನೆಣ್ಣೆ ಹಾಕುವ ರೂಢಿ ನಮ್ಮ ಕಡೆ ಬಹಳ. ಅಡಿಗೆಯ ಎಣ್ಣೆಗಳು ಕಾಲಕ್ರಮೇಣ ಜಿಗುಟಾಗುತ್ತವೆ. ತೆಂಗಿನೆಣ್ಣೆಯಂತೂ ಚಳಿಗಾಲದ ಬೆಳಗಿನಲ್ಲಿ ಹೆಪ್ಪುಗಟ್ಟುತ್ತದೆ. ಪಿನ್ನಿನ ತೂತಿನಲ್ಲಿ ಈ ಜಿಗುಟು ಸೇರಿಕೊಂಡರೆ ಎಂಥ ಸ್ಪ್ರಿಂಗಿನ ಹೊಡೆತವೂ ಅರ್ಧಕ್ಕೆ ಇಳಿಯುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೇ ಒಂದು ತೊಟ್ಟು ಬಿಟ್ಟ ಮೇಲೆ "ಸ್ಪ್ರಿಂಗು ಸರಿಹೋಯಿತು" ಎಂದವರು ಹಲವರಿದ್ದಾರೆ. ಹಣ ಖರ್ಚು ಮಾಡುವ ಮೊದಲು ಇದನ್ನು ಮಾಡಿ ನೋಡಬೇಕು.

ನಿಜವಾಗಿಯೂ ಸ್ಪ್ರಿಂಗು ಮುರಿದಿದ್ದರೆ ಅಥವಾ ಸೋತಿದ್ದರೆ? ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಇರುವುದು ಚಿಮಟದಂತೆ ಮಡಚಿದ, ಎರಡು ಕಾಲಿನ ಪಟ್ಟಿ ಸ್ಪ್ರಿಂಗು. ಇದು ಮುರಿಯುವುದು ಸಾಧಾರಣವಾಗಿ ಮಡಿಕೆಯ ಹತ್ತಿರ, ಅದೂ ತುಕ್ಕು ಕೊರೆದ ಸಣ್ಣ ಗುಳಿಯಿಂದ ಅಥವಾ ಅಡ್ಡ ಗೀರಿನಿಂದ. ಇದಕ್ಕೆ ಬದಲಿ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಜನ ಊರ ಆಚಾರಿಯ ಬಳಿಗೆ ಹೋಗುತ್ತಾರೆ; ಆತ ಲಾರಿಯ ಪಟ್ಟಿಯ ತುಂಡನ್ನು ಕಾಯಿಸಿ, ಬಡಿದು, ಅದೇ ಆಕಾರಕ್ಕೆ ತಂದು ಕೊಡುತ್ತಾನೆ. ಆಚಾರಿಗಳ ಕೈಚಳಕದ ಬಗ್ಗೆ ನಮಗೆ ಗೌರವವಿದೆ. ಆದರೆ ಕತ್ತಿಯ ಹದ ಬೇರೆ, ಸ್ಪ್ರಿಂಗಿನ ಹದ ಬೇರೆ. ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ. ಅಷ್ಟಕ್ಕೇ ಬಿಟ್ಟರೆ ಮೊದಲ ಹೊಡೆತಕ್ಕೆ ಮುರಿಯುತ್ತದೆ. ಮತ್ತೆ ಸುಮಾರು 300 ಡಿಗ್ರಿಗೆ ನಿಧಾನವಾಗಿ ಕಾಯಿಸಿ, ಮೈಮೇಲೆ ನೀಲಿ ಬಣ್ಣ ಸಮನಾಗಿ ಏರುವಂತೆ ಹದ ಇಳಿಸಬೇಕು. ಬಣ್ಣ ಒಂದು ಕಡೆ ಏರಿ ಇನ್ನೊಂದು ಕಡೆ ಏರದಿದ್ದರೆ ಒಂದು ಕಾಲು ಮೆತ್ತಗೆ, ಒಂದು ಕಾಲು ಗಡುಸು. ಅರ ಉಜ್ಜಿದ ಗೀರುಗಳು ಉದ್ದಕ್ಕೆ ಇರಬೇಕು. ಅಡ್ಡ ಗೀರು ಉಳಿದರೆ ಬಿರುಕು ಅಲ್ಲಿಂದಲೇ ಆರಂಭ. ಹೊಸ ಪಟ್ಟಿ ಸ್ಪ್ರಿಂಗನ್ನು ಕೈಗೆ ತೆಗೆದುಕೊಂಡಾಗ ಈ ಎರಡನ್ನು, ಬಣ್ಣವನ್ನೂ ಗೀರನ್ನೂ, ಯಾರು ಬೇಕಾದರೂ ನೋಡಿ ತಿಳಿಯಬಹುದು.

ಹೊರಗುದುರೆಯ ಕೋವಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇವುಗಳಲ್ಲಿ ಅನೇಕದರಲ್ಲಿ ಕುದುರೆ ಹೊಡೆದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಬಂದು ನಿಲ್ಲುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದೂ ಅದೇ ದೊಡ್ಡ ಸ್ಪ್ರಿಂಗಿನ ಇನ್ನೊಂದು ಕಾಲು. ಹೊಸದನ್ನು ಮಾಡಿದವನು ಬಲವನ್ನೆಲ್ಲ ಮುಂದಕ್ಕೆ ಹೊಡೆಯುವ ಕಾಲಿಗೇ ಕೊಟ್ಟರೆ ಕುದುರೆ ಪಿನ್ನಿನ ಮೇಲೆಯೇ ಕುಳಿತುಬಿಡುತ್ತದೆ. ಪಿನ್ನಿನ ತುದಿ ಕೇಪಿನ ಗುಳಿಯಲ್ಲಿ ಸಿಕ್ಕಿಕೊಂಡು ಕೋವಿ ಮಡಚಲು ಬಾರದು. ಬಲವಂತ ಮಾಡಿದರೆ ಪಿನ್ನು ಮುರಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ತೋಟೆ ತುಂಬಿ ಕೋವಿ ಮುಚ್ಚುವಾಗ ಚಾಚಿದ ಪಿನ್ನು ಕೇಪಿಗೆ ತಗಲಬಹುದು. ಸ್ಪ್ರಿಂಗು ಬದಲಾಯಿಸಿದ ಮೇಲೆ ಕೋವಿ ಮಡಚುವುದು ಬಿಗಿಯಾಯಿತೆಂದರೆ ಈ ಸಂಶಯ ಮೊದಲು ಬರಬೇಕು.

ಈಚಿನ ಒಂಟಿ ನಳಿಗೆಯ ಕೋವಿಗಳಲ್ಲಿ, ಬಿಹಾರದ ಮುಂಗೇರಿನಿಂದ ಬರುವಂಥವುಗಳೂ ಸೇರಿದಂತೆ, ಸುರುಳಿ ಸ್ಪ್ರಿಂಗು ಇರುವುದುಂಟು. ಇದು ಅಗ್ಗ. ಒಂದು ಸುತ್ತು ಮುರಿದರೂ ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಇದರಲ್ಲಿ ಆಗುವಷ್ಟು ಬದಲಿ ಪ್ರಯೋಗ ಬೇರೆ ಯಾವುದರಲ್ಲೂ ಆಗುವುದಿಲ್ಲ. ಸೋತ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಹಾಕುತ್ತಾರೆ. ಹತ್ತು ಈಡಿಗೆ ಬಂದೀತು, ಮತ್ತೆ ಮೊದಲಿನಂತೆಯೇ ಕುಗ್ಗುತ್ತದೆ. ದಪ್ಪ ತಂತಿಯದನ್ನು ಹಾಕುತ್ತಾರೆ. ಕುದುರೆ ಪೂರ್ತಿ ಏರುವ ಮೊದಲೇ ಸುತ್ತುಗಳು ಒಂದಕ್ಕೊಂದು ಅಂಟಿ ನಿಲ್ಲುತ್ತವೆ, ಕೊಂಡಿ ಕಚ್ಚಿಗೆ ತಲುಪುವುದೇ ಇಲ್ಲ. ಆಗ ಒಂದೆರಡು ಸುತ್ತು ಕತ್ತರಿಸಿ "ಮೆತ್ತಗೆ" ಮಾಡುತ್ತಾರೆ. ಇದು ತಪ್ಪು ತಿಳಿವಳಿಕೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಗಡುಸಾಗುತ್ತದೆ. ಮೊದಲಿನ ಒತ್ತಡ ಮಾತ್ರ ಕಡಿಮೆಯಾಗುವುದರಿಂದ ಕೈಗೆ ಹಗುರವೆನಿಸುತ್ತದೆ, ಪಿನ್ನಿನ ಬಳಿ ಕುದುರೆ ತಲುಪುವ ಹೊತ್ತಿಗೆ ಹೊಡೆತದಲ್ಲಿ ಕಸುವಿರುವುದಿಲ್ಲ.

ಈ ಚಾಳಿ ನಮ್ಮಲ್ಲಿ ಮಾತ್ರವೆಂದು ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ, ಜಾನ್ ಬ್ರೌನಿಂಗ್ ರೂಪಿಸಿದ 1894ರ ವಿಂಚೆಸ್ಟರ್‌ನಂಥ ಲಿವರ್ ರೈಫಲುಗಳನ್ನು ಇಟ್ಟುಕೊಂಡವರು ಲಿವರ್ ನಯವಾಗಿ ಆಡಲೆಂದು ಬೇರೆ ತಯಾರಕರ ಹಗುರ ಸ್ಪ್ರಿಂಗು ಹಾಕಿಕೊಳ್ಳುವುದು ಸಾಮಾನ್ಯ. ಕೇಪು ಗಡುಸಾಗಿರುವ ತೋಟೆ ಬಂದ ದಿನ ಕುದುರೆ ಟಿಕ್ ಎಂದು ಸುಮ್ಮನಾಗುತ್ತದೆ. ಆಗ ಹಳೆಯ ಸ್ಪ್ರಿಂಗನ್ನು ಹುಡುಕುತ್ತಾರೆ. ಗುರಿ ಹೊಡೆಯುವ ಆಟಕ್ಕೆ ಅದು ನಡೆದೀತು. ಕತ್ತಲಲ್ಲಿ ಹಂದಿಯ ಎದುರು ನಿಂತವನಿಗೆ ನಡೆಯದು.

ಈಗ ನಾವು ಹೆಚ್ಚು ಒತ್ತಿ ಹೇಳಬೇಕಾದ ಮಾತಿಗೆ ಬರೋಣ. ದೊಡ್ಡ ಸ್ಪ್ರಿಂಗಿನ ದೋಷದಿಂದ ಸಾಮಾನ್ಯವಾಗಿ ಈಡು ಹಾರುವುದಿಲ್ಲ. ತಡೆಕೊಂಡಿಯ ಸಣ್ಣ ಸ್ಪ್ರಿಂಗಿನ ದೋಷದಿಂದ ಬೇಡದಾಗ ಹಾರುತ್ತದೆ. ದೊಡ್ಡದನ್ನು ಬದಲಾಯಿಸುವಾಗ ಸಣ್ಣದನ್ನು ಬಾಗಿಸಿಬಿಡುವುದು, ಟ್ರಿಗರ್ ಹಗುರವಾಗಲೆಂದು ಅದನ್ನು ಉಜ್ಜಿ ತೆಳ್ಳಗೆ ಮಾಡುವುದು ಆಗಾಗ್ಗೆ ನಡೆಯುತ್ತದೆ. ಇನ್ನು ಹೊಸ ದೊಡ್ಡ ಸ್ಪ್ರಿಂಗು ಮಿತಿಮೀರಿ ಗಟ್ಟಿಯಾಗಿದ್ದರೆ ಕಚ್ಚಿನ ಅಂಚು ಬೇಗ ಸವೆಯುತ್ತದೆ. ಆಗ ಕೊಂಡಿಗೆ ಕಚ್ಚಿನ ಹಿಡಿತ ಸಾಲದು. ಬಲ ನಳಿಗೆ ಹಾರಿದ ಅದಿರಿಗೆ ಎಡದ ಕುದುರೆಯೂ ಬಿದ್ದು ಎರಡೂ ಒಟ್ಟಿಗೆ ಹಾರುತ್ತವೆ. ಗೇಟು ದಾಟುವಾಗ ಬುಡ ಕಲ್ಲಿಗೆ ತಗಲಿದರೂ ಸಾಕು.

ಇದನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಕೋವಿಯಲ್ಲಿ ಏನೂ ಇಲ್ಲವೆಂದು ಎರಡು ಸಲ ನೋಡಿ, ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ನಳಿಗೆಗೆ ಡಮ್ಮಿ ತೋಟೆ ಹಾಕಿ ಕುದುರೆ ಏರಿಸಬೇಕು. ನೆಲಕ್ಕೆ ದಪ್ಪ ರಬ್ಬರ್ ಹಾಳೆ ಹಾಸಿ, ನಳಿಗೆಯ ಬಾಯಿ ಮುಖದ ಕಡೆ ಇಲ್ಲದಂತೆ ಹಿಡಿದು, ಕೋವಿಯ ಬುಡವನ್ನು ಅದರ ಮೇಲೆ ಗಟ್ಟಿಯಾಗಿ ನಾಲ್ಕಾರು ಸಲ ಕುಟ್ಟಬೇಕು. ಕುದುರೆ ತಾನಾಗಿ ಬಿದ್ದ ಸದ್ದು ಒಮ್ಮೆ ಕೇಳಿದರೂ ಆ ಕೋವಿಗೆ ತೋಟೆ ತುಂಬಕೂಡದು. ಟ್ರಿಗರ್‌ನ ಬಿಗಿಯನ್ನೂ ನೋಡಬಹುದು. ಕುದುರೆ ಏರಿಸಿದ ಖಾಲಿ ಕೋವಿಯನ್ನು ನೆಟ್ಟಗೆ ಹಿಡಿದು ಟ್ರಿಗರ್‌ಗೆ ದಾರದಿಂದ ಒಂದು ಕಿಲೋ ತೂಕ ತೂಗಹಾಕಿದರೆ ಕುದುರೆ ಬೀಳಬಾರದು. ಒಳ್ಳೆಯ ಕೋವಿಯ ಟ್ರಿಗರ್ ಒಂದೂವರೆಯಿಂದ ಎರಡು ಕಿಲೋ ಎಳೆತಕ್ಕೆ ಬಿಡುತ್ತದೆ. ಹಿಂದಿನ ಟ್ರಿಗರ್ ಸ್ವಲ್ಪ ಬಿಗಿಯಾಗಿರುವುದು ವಾಡಿಕೆ. ಒಂದು ಕಿಲೋಗೇ ಬಿದ್ದರೆ ರಿಪೇರಿಗೆ ಕಳುಹಿಸಬೇಕು.

ರಿಪೇರಿಯೆಂದರೆ ಪರವಾನಗಿ ಇರುವ ಅಂಗಡಿಯಲ್ಲೇ. ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಕೋವಿ ರಿಪೇರಿಯ ಉದ್ಯೋಗಕ್ಕೂ ಪರವಾನಗಿ ಬೇಕು. ಊರ ಆಚಾರಿಯನ್ನು ಮುಲಾಜಿಗೆ ಸಿಕ್ಕಿಸಿ ಕೇಸಿಗೆ ಗುರಿಮಾಡುವುದು ನ್ಯಾಯವಲ್ಲ. ಪಟ್ಟಿ ಸ್ಪ್ರಿಂಗನ್ನು ತೆಗೆಯಲು ಅದಕ್ಕೆಂದೇ ಇರುವ ಇಕ್ಕಳ ಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಚಿಮ್ಮಿ ಕಣ್ಣಿಗೇ ಬಂದೀತು. ತೊಳೆದು, ಒರೆಸಿ, ಎಣ್ಣೆ ಬಿಡುವವರೆಗೆ ನಮ್ಮ ಕೆಲಸ. ಸ್ಕ್ರೂ ಬಿಚ್ಚುವಲ್ಲಿಂದ ಅವರ ಕೆಲಸ.

ಕೊನೆಗೆ ಠಾಣೆಯ ಠೇವಣಿಯ ವಿಚಾರ. 2023ರಲ್ಲಿ ಮಾರ್ಚ್ 29ರಿಂದ, 2024ರಲ್ಲಿ ಮಾರ್ಚ್ 16ರಿಂದ ಚುನಾವಣಾ ನೀತಿಸಂಹಿತೆ ಜಾರಿಯಾಯಿತು. 2024ರಲ್ಲಿ ಮತ ಎಣಿಕೆ ಮುಗಿದದ್ದು ಜೂನ್ 4ಕ್ಕೆ. ಹೀಗೆ ಬೇಸಿಗೆಯಲ್ಲಿ ಒಳಗೆ ಹೋದ ಕೋವಿ ಮಳೆಯ ಬಾಗಿಲಲ್ಲಿ ಕೈಗೆ ಬರುತ್ತದೆ, ನಡುವೆ ಅದಕ್ಕೆ ಎಣ್ಣೆ ಕಾಣಿಸುವವರಿಲ್ಲ. ವಿನಾಯಿತಿ ಕೋರಿ ಅರ್ಜಿ ಕೊಡುವುದು ಸದಸ್ಯರ ಹಕ್ಕು. ಸಿಗದಿದ್ದರೆ ಇಷ್ಟಾದರೂ ಮಾಡಬಹುದು. ಕೊಡುವ ಹಿಂದಿನ ದಿನ ಒಳಗೂ ಹೊರಗೂ ಒರೆಸಿ ತೆಳ್ಳಗೆ ಎಣ್ಣೆ ಸವರಿ. ಒಳಗುದುರೆಯ ಕೋವಿಯಾದರೆ ಡಮ್ಮಿ ತೋಟೆ ಹಾಕಿ ಎರಡೂ ಟ್ರಿಗರ್ ಎಳೆದು ಸ್ಪ್ರಿಂಗನ್ನು ಸಡಿಲಿಸಿ. ತಿಂಗಳುಗಟ್ಟಲೆ ಬಿಗಿದೇ ಇದ್ದ ಕೀಳು ದರ್ಜೆಯ ಸ್ಪ್ರಿಂಗು ಕುಗ್ಗುತ್ತದೆ. ಎಣ್ಣೆಬಟ್ಟೆಯಲ್ಲಿ ಸುತ್ತಿ ಕೊಡಿ, ಚರ್ಮದ ಚೀಲ ಬೇಡ, ಅದು ತೇವ ಹಿಡಿಯುತ್ತದೆ. ರಸೀತಿಯಲ್ಲಿ ಕೋವಿಯ ನಂಬರಿನ ಜೊತೆಗೆ ಅದು ಸುಸ್ಥಿತಿಯಲ್ಲಿದೆಯೆಂದೂ ಬರೆಸಿಕೊಳ್ಳಿ. ವಾಪಸು ಬಂದ ದಿನ ತೋಟೆ ತುಂಬುವ ಮೊದಲು ಮೇಲೆ ಹೇಳಿದ ರಬ್ಬರ್ ಹಾಳೆಯ ಪರೀಕ್ಷೆ ಆಗಲಿ.

ಮುರಿದ ಸ್ಪ್ರಿಂಗಿನ ಎರಡೂ ತುಂಡುಗಳನ್ನು ಮಾತ್ರ ಎಸೆಯಬೇಡಿ. ಹೊಸದನ್ನು ಹೊಂದಿಸುವವನಿಗೆ ಅದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ. ಕಾಗದದಲ್ಲಿ ಸುತ್ತಿ, ಕೋವಿಯ ಜೊತೆಗೇ ಕಳುಹಿಸಿ.