ಜೂನ್ 1ರಂದು ಹುಟ್ಟಿದವರು

ಹಿಂದಿ ಧಾರಾವಾಹಿಗಳಿಂದ ಮನೆಮಾತಾಗಿ ಆಮೇಲೆ ಚಲನಚಿತ್ರಕ್ಕೆ ಹೋದ ಆರ್. ಮಾಧವನ್ ಹುಟ್ಟಿದ್ದು 1970ರ ಜೂನ್ 1ರಂದು. ಓದಿದ್ದು ನಿಪ್ಪಾಣಿಯ ನೆರೆಯ ಕೊಲ್ಲಾಪುರದಲ್ಲಿ, ರಾಜಾರಾಮ ಕಾಲೇಜಿನಲ್ಲಿ. ನಟಿ ನರ್ಗಿಸ್ ಜನಿಸಿದ್ದೂ (1929), ಡೆಕ್ಕನ್ ಕ್ವೀನ್ ರೈಲು ಓಡಲಾರಂಭಿಸಿದ್ದೂ (1930), ಅಮೆರಿಕದ ಸಿ.ಎನ್.ಎನ್. ವಾಹಿನಿ ಶುರುವಾದದ್ದೂ (1980) ಇದೇ ತಾರೀಖಿಗೆ.

ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆ ಈ ದಿನ ಹುಟ್ಟಿದ ಹಿರಿಯರನ್ನು ಎಣಿಸಹೊರಟರೆ ಲೆಕ್ಕವೇ ಸಿಗದು. ಇದು ಗ್ರಹಗತಿಯ ಮಹಿಮೆಯಲ್ಲ, ಹೆಡ್‌ಮಾಸ್ತರರ ಲೇಖನಿಯದು! ಶಾಲೆಗೆ ಹೆಸರು ಹಚ್ಚಲು ಬಂದ ತಾಯಿಗೆ ಮಗ ಹುಟ್ಟಿದ ದಿನ ನೆನಪಿರಲಿಲ್ಲವೆಂದಲ್ಲ. ‘ಸೀಗಿ ಹುಣ್ಣಿಮಿ ಮುಂದ’, ‘ಕೊಯ್ನಾ ಭೂಕಂಪ ಆದ ವರ್ಷ’ ಎಂದು ಆಕೆ ಖಚಿತವಾಗಿಯೇ ಹೇಳುತ್ತಿದ್ದಳು. ಆ ಭೂಕಂಪ ಆದದ್ದು 1967ರ ಡಿಸೆಂಬರಿನಲ್ಲಿ. ಆದರೆ ದಾಖಲೆ ಪುಸ್ತಕಕ್ಕೆ ಬೇಕಾದದ್ದು ಇಂಗ್ಲಿಷ್ ತಾರೀಖು. ಹುಡುಗನ ಬಲಗೈ ತಲೆಯ ಮೇಲಿಂದ ಬಳಸಿ ಎಡಗಿವಿಗೆ ಎಟುಕಿದರೆ ವಯಸ್ಸು ಆರು. ಶಾಲೆ ತೆರೆಯುವುದು ಜೂನ್‌ನಲ್ಲಿ. ಅಲ್ಲಿಂದ ಆರು ವರ್ಷ ಕಳೆದರೆ ಜನ್ಮದಿನ ಸಿದ್ಧ. 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಈ ಭಾಗದಲ್ಲಷ್ಟೇ ಅಲ್ಲ, ಗಡಿಯಾಚೆಯೂ ಇದೇ ರೂಢಿ.

ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ಅದು ಹಳ್ಳಿಯ ಹೆರಿಗೆಮನೆ ತಲುಪಲು ಮತ್ತಷ್ಟು ಕಾಲ ಹಿಡಿಯಿತು.

ಮಾಸ್ತರರ ಈ ಉಪಕಾರದ ಬೆಲೆ ತಿಳಿಯುವುದು ನಿವೃತ್ತಿಯ ಹೊತ್ತಿಗೆ. ಸರಕಾರಿ ನೌಕರರು ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತರಾಗುತ್ತಾರೆ. ತಿಂಗಳ ಮೊದಲ ತಾರೀಖಿಗೆ ಹುಟ್ಟಿದವರು ಮಾತ್ರ ಹಿಂದಿನ ತಿಂಗಳ ಕೊನೆಗೇ. ಹೀಗಾಗಿ ಇವರಿಗೆ ಹಾರ ತುರಾಯಿ ಮೇ 31ಕ್ಕೆ. ಮಾಸ್ತರರು ಜೂನ್ 2 ಎಂದು ಬರೆದಿದ್ದರೆ ಇನ್ನೊಂದು ತಿಂಗಳ ಪಗಾರ ಸಿಗುತ್ತಿತ್ತು.