ಆಂಗ್ಲ ಕ್ರಿಯಾಪದಗಳಲ್ಲಿ ಸ್ಥಿತಿ ಮತ್ತು ಕಾರ್ಯ

'ಐ ಆಮ್ ನೋಯಿಂಗ್ ಹಿಮ್', 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಎಂಬಂತಹ ವಾಕ್ಯಗಳು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಆಗಾಗ ಕಂಡುಬರುತ್ತವೆ. ಪದಗಳ ಕ್ರಮವು ಸರಿಯಾಗಿಯೇ ಇದ್ದರೂ ಪರೀಕ್ಷಕರು ಅಂಕ ಕಳೆಯುತ್ತಾರೆ. ಕನ್ನಡ ಮಾಧ್ಯಮವೇ ಇದಕ್ಕೆ ಕಾರಣವೆಂದು ಕೆಲವು ತಂದೆತಾಯಿಗಳು ಭಾವಿಸುವುದುಂಟು. ಆದರೆ ಈ ದೋಷವನ್ನು ತಿದ್ದಿಕೊಳ್ಳುವ ಉಪಾಯವು ಕನ್ನಡದಲ್ಲಿಯೇ ಇದೆಯೆಂಬುದನ್ನು ಇಲ್ಲಿ ತೋರಿಸಲು ಯತ್ನಿಸುವೆವು.

ಓಡುವುದು, ಬರೆಯುವುದು, ತಿನ್ನುವುದು ಕಾರ್ಯಗಳು. ಇವುಗಳನ್ನು ನಾವು ತೊಡಗುತ್ತೇವೆ, ನಡುವೆ ನಿಲ್ಲಿಸಲೂ ಬಲ್ಲೆವು. ಆದುದರಿಂದ ಕೆಲಸವು ನಡೆಯುತ್ತಿರುವಾಗ 'ಐ ಆಮ್ ರೈಟಿಂಗ್' ಎಂದು 'ಇಂಗ್' ರೂಪವನ್ನು ಬಳಸುತ್ತೇವೆ. ತಿಳಿದಿರುವುದು, ಬೇಕೆನಿಸುವುದು, ನೆನಪಿರುವುದು ಸ್ಥಿತಿಗಳು. ಒಬ್ಬನ ಪರಿಚಯವಾದ ಮೇಲೆ ನಾವು ನಿದ್ರಿಸುತ್ತಿರುವಾಗಲೂ ಆ ಪರಿಚಯವು ಇದ್ದೇ ಇರುತ್ತದೆ. ಅದು ಕ್ಷಣಕ್ಷಣಕ್ಕೂ ನಡೆಯುವ ಕೆಲಸವಲ್ಲ. ಆದುದರಿಂದ 'ಐ ನೋ ಹಿಮ್' ಎನ್ನುವುದೇ ಸರಿ. ಜೆನೊ ವೆಂಡ್ಲರ್ ಎಂಬ ತತ್ತ್ವಜ್ಞಾನಿಯು 1957ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಕ್ರಿಯಾಪದಗಳನ್ನು ಇನ್ನೂ ಸೂಕ್ಷ್ಮವಾಗಿ ನಾಲ್ಕು ಬಗೆಯಾಗಿ ವಿಂಗಡಿಸಿದನು. ಶಾಲೆಯ ಮಟ್ಟಿಗೆ ಈ ಎರಡು ಸಾಕು.

ಇದನ್ನು ಸಕರ್ಮಕ, ಅಕರ್ಮಕ ಎಂಬ ಭೇದದೊಡನೆ ಬೆರೆಸಬಾರದು. 'ನೋ' ಎಂಬುದು ಕರ್ಮಪದವನ್ನು ಬಯಸಿದರೂ ಸ್ಥಿತಿಯೇ. 'ರನ್' ಎಂಬುದಕ್ಕೆ ಕರ್ಮಪದವಿಲ್ಲದಿದ್ದರೂ ಅದು ಕಾರ್ಯವೇ.

ಈಗ ಕನ್ನಡದ ಕಡೆ ನೋಡೋಣ. 'ನಾನು ಬರೆಯುತ್ತೇನೆ' ಎನ್ನುವೆವು. ಆದರೆ 'ನನಗೆ ಗೊತ್ತು', 'ನನಗೆ ಬೇಕು', 'ನನಗೆ ನೆನಪಿದೆ', 'ನನಗೆ ಇಬ್ಬರು ಅಣ್ಣಂದಿರಿದ್ದಾರೆ' ಎನ್ನುವೆವು. ಕಾರ್ಯಕ್ಕೆ ಪ್ರಥಮಾ ವಿಭಕ್ತಿ, ಇಂತಹ ಸ್ಥಿತಿಗಳಿಗೆ ಚತುರ್ಥೀ ವಿಭಕ್ತಿ. ನಮ್ಮ ನೆರೆಯ ಭಾಷೆಗಳಲ್ಲಿಯೂ ಹೀಗೆಯೇ: ಮಲಯಾಳದಲ್ಲಿ 'ಎನಿಕ್ಕ್ ಅರಿಯಾಂ', ತಮಿಳಿನಲ್ಲಿ 'ಎನಕ್ಕುತ್ ತೆರಿಯುಂ', ತೆಲುಗಿನಲ್ಲಿ 'ನಾಕು ತೆಲುಸು', ಮರಾಠಿಯಲ್ಲಿ 'ಮಲಾ ಮಾಹೀತ್ ಆಹೇ'. ಆಂಗ್ಲವಾದರೋ ಎರಡಕ್ಕೂ 'ಐ' ಎಂದೇ ಹೇಳುವುದರಿಂದ ಭೇದವು ಮರೆಯಾಗುತ್ತದೆ. ಕನ್ನಡದ 'ನಾನು ನೋಡುತ್ತಿದ್ದೇನೆ' ಎಂಬುದು ಆಂಗ್ಲದಲ್ಲಿ 'ಐ ಆಮ್ ಲುಕಿಂಗ್'. 'ನನಗೆ ಕಾಣುತ್ತದೆ' ಎಂಬುದು 'ಐ ಸೀ'. ಕಿವಿಗೊಟ್ಟು ಕೇಳುವುದು 'ಲಿಸನ್', ತಾನಾಗಿ ಕೇಳಿಸುವುದು 'ಹಿಯರ್'.

ಈ ಒರೆಗಲ್ಲಿಗೂ ಮಿತಿಯುಂಟು. 'ನಾನು ನಂಬುತ್ತೇನೆ' ಎಂಬಲ್ಲಿ ಪ್ರಥಮೆಯಿದ್ದರೂ 'ಬಿಲೀವ್' ಎಂಬುದು ಸ್ಥಿತಿಯೇ. 'ನನಗೆ ಅರ್ಥವಾಗುತ್ತಿದೆ' ಎಂಬುದು ಕನ್ನಡದಲ್ಲಿ ಶುದ್ಧವಾದರೂ ಆಂಗ್ಲದಲ್ಲಿ ಸಾಮಾನ್ಯವಾಗಿ 'ಐ ಅಂಡರ್‌ಸ್ಟ್ಯಾಂಡ್' ಎಂದಷ್ಟೇ ಬರೆಯಬೇಕು. ಕೆಲವು ಪದಗಳಿಗೆ ಎರಡೂ ಸ್ವಭಾವಗಳಿವೆ. 'ಐ ಹ್ಯಾವ್ ಅ ಪೆನ್' ಎಂಬಲ್ಲಿ 'ಹ್ಯಾವ್' ಇರುವಿಕೆಯನ್ನು ಹೇಳಿದರೆ, 'ವಿ ಆರ್ ಹ್ಯಾವಿಂಗ್ ಲಂಚ್' ಎಂಬಲ್ಲಿ ಊಟ ಮಾಡುವ ಕಾರ್ಯವನ್ನು ಹೇಳುತ್ತದೆ. ಅಂತೆಯೇ 'ಥಿಂಕ್' ಎಂಬುದು ಅಭಿಪ್ರಾಯವನ್ನು ತಿಳಿಸುವಾಗ ಸ್ಥಿತಿ, ಆಲೋಚನೆಯಲ್ಲಿ ತೊಡಗಿರುವಾಗ ಕಾರ್ಯ. ಆದುದರಿಂದ ಪದವನ್ನಷ್ಟೇ ಅಲ್ಲದೆ ಅರ್ಥವನ್ನೂ ನೋಡಬೇಕು.

ವಿದ್ಯಾರ್ಥಿಗಳು 'ಇಂಗ್' ಸೇರಿಸುವ ಮುನ್ನ ಆ ಮಾತನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಲಿ. 'ನನಗೆ' ಎಂದು ಬಂದರೆ ಒಂದು ಕ್ಷಣ ತಡೆದು, ಇದು ಸ್ಥಿತಿಯೇ ಎಂದು ವಿಚಾರಿಸಲಿ. ಆಂಗ್ಲವನ್ನು ಅರಿಯದ ತಂದೆತಾಯಿಗಳೂ ಮನೆಯಲ್ಲಿ ಮಕ್ಕಳಿಗೆ ಈ ಅಭ್ಯಾಸ ಮಾಡಿಸಬಹುದು. ಇದಕ್ಕೆ ಬೇಕಾದುದು ಅವರು ದಿನವೂ ಆಡುವ ಕನ್ನಡವೇ.