ಯಂತ್ರಕ್ಕೂ ನಮ್ಮ ಮಾತು ಕಲಿಸೋಣ



ಹೊಲದಾಗ ಕಳೆ ಹೆಚ್ಚಾದರೆ ನಾವು ಏನು ಮಾಡುತ್ತೇವೆ? ಮುಯ್ಯಾಳು ಕರೆಯುತ್ತೇವೆ. ಇಂದು ಅವರು ನಮ್ಮ ಹೊಲಕ್ಕೆ ಬರುತ್ತಾರೆ. ನಾಳೆ ನಾವು ಅವರ ಹೊಲಕ್ಕೆ ಹೋಗುತ್ತೇವೆ. ಕೂಲಿಯ ಮಾತೇ ಇಲ್ಲ. ಕೆಲಸ ಮಾತ್ರ ಆಗುತ್ತದೆ.

ಅಕ್ಷರ ಕಲಿಸುವುದೂ ಹೀಗೆಯೇ. ನಮ್ಮ ಲೋಕಾಪುರ 1997ರವರೆಗೆ ವಿಜಾಪುರ ಜಿಲ್ಲೆಯಲ್ಲಿತ್ತು. 1990ರ ದಶಕದಲ್ಲಿ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ಸ್ವಯಂಸೇವಕರು ಸಂಬಳವಿಲ್ಲದೆ ಕಲಿಸಿದರು. ಇಂದು ನಾವೂ ಹಾಗೆಯೇ ಕಲಿಸುತ್ತಿದ್ದೇವೆ.

ಕಂಪ್ಯೂಟರಿನ ಕೆಲಸದಲ್ಲೂ ಇಂಥ ಸೇವೆ ಇದೆಯೇ? ಇದೆ. ಕನ್ನಡದಲ್ಲೂ ಇದೆ.

ಕೀಲಿಮಣೆಯ ಮೇಲೆ ಕಾಗುಣಿತ

ಕಂಪ್ಯೂಟರಿನಲ್ಲಿ ಬರೆಯಲು ಕೀಲಿಮಣೆ ಬೇಕು. ಅದರಲ್ಲಿ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಿವೆ. ಕನ್ನಡದಲ್ಲಿ 49 ಅಕ್ಷರ. ಅದರ ಮೇಲೆ ಕಾಗುಣಿತ, ಒತ್ತಕ್ಷರ. ಇಷ್ಟೆಲ್ಲ 26 ಕೀಲಿಯೊಳಗ ಹಿಡಿಸೋದು ಹ್ಯಾಂಗ?

ದಕ್ಷಿಣ ಕನ್ನಡದ ಕಿನ್ನಿಕಂಬಳ ಎಂಬ ಊರಿನ ಕೆ.ಪಿ. ರಾವ್ ಇದಕ್ಕೆ ದಾರಿ ಹುಡುಕಿದರು. ದಾರಿ ಸರಳ. ಮೊದಲು ‘ಕ’ ಒತ್ತಿರಿ. ಆಮೇಲೆ ‘ಇ’ ಒತ್ತಿರಿ. ‘ಕಿ’ ಮೂಡುತ್ತದೆ. ಒತ್ತಕ್ಷರಕ್ಕೆಂದೇ ಒಂದು ಕೀಲಿ ಉಂಟು. ಅ, ಕ, ಒತ್ತಿನ ಕೀಲಿ, ಮತ್ತೆ ಕ. ‘ಅಕ್ಕ’ ಆಯಿತು! ನೀವು ಪಾಟಿಯ ಮೇಲೆ ತಿದ್ದಿದ ಕಾಗುಣಿತವೇ ಇದು.

ರಾಯರು ಈ ಕ್ರಮವನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಮುಂದೆ ಕರ್ನಾಟಕ ಸರ್ಕಾರವೂ ಅದನ್ನು ಒಪ್ಪಿಕೊಂಡಿತು.

2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಇದು ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಓದುವ ವಿಶ್ವಕೋಶ. ಊರು, ಬೆಳೆ, ರೋಗ, ಹಬ್ಬ, ಎಲ್ಲದರ ವಿಷಯ ಅದರಲ್ಲಿದೆ. ಬರೆಯುವವರು ಸ್ವಯಂಸೇವಕರು. 2016ರಲ್ಲಿ ತುಳು ಭಾಷೆಯವರೂ ತಮ್ಮ ವಿಕಿಪೀಡಿಯ ಪಡೆದರು.

ಇದು ಯಾರ ಕೆಲಸ?

‘ಕಂಪ್ಯೂಟರ್ ಅಂದ್ರ ಪ್ಯಾಟಿ ಮಂದೀದು, ಗಂಡಸರದು’ ಅಂತ ಕೆಲವರು ಅಂತಾರೆ. ಅದು ನಿಜವಲ್ಲ.

1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ದೊಡ್ಡ ಕಂಪ್ಯೂಟರನ್ನು ಜನರಿಗೆ ತೋರಿಸಿದರು. ಅದು ಒಂದು ದೊಡ್ಡ ಕೋಣೆ ತುಂಬ ಇತ್ತು. ಅದು ಲೆಕ್ಕ ಮಾಡುವಂತೆ ಕ್ರಮ ಹಾಕಿಕೊಟ್ಟವರು ಆರು ಮಂದಿ ಹೆಣ್ಣುಮಕ್ಕಳು. ಆ ದಿನ ಅವರ ಹೆಸರನ್ನು ಯಾರೂ ಹೇಳಲಿಲ್ಲ. ಅವರ ಕೆಲಸ ಲೋಕಕ್ಕೆ ತಿಳಿಯಲು ಹತ್ತಾರು ವರ್ಷ ಹಿಡಿಯಿತು.

ಎಲ್ಲರೂ ಯಾಕೆ ಬೇಕು?

ಈಗ ಫೋನಿಗೆ ಬಾಯಿಂದಲೇ ಕೆಲಸ ಹೇಳಬಹುದು. ಫೋನಿಗೆ ಮಾತು ತಿಳಿಯೋದು ಹ್ಯಾಂಗ? ಬಹಳ ಜನರ ಮಾತನ್ನು ಧ್ವನಿಮುದ್ರಣ ಮಾಡುತ್ತಾರೆ. ಆ ಮಾತಿನ ಬರಹವನ್ನೂ ಜೊತೆಗೆ ಇಡುತ್ತಾರೆ. ಯಂತ್ರ ಎರಡನ್ನೂ ಹೊಂದಿಸಿ ಹೊಂದಿಸಿ ಕಲಿಯುತ್ತದೆ.

ಒಂದೇ ಕಡೆಯವರ ದನಿ ಕೇಳಿಸಿದರೆ ಏನಾಗುತ್ತದೆ? ಬೆಂಗಳೂರಿನ ಕಡೆ ‘ಏನು ಮಾಡ್ತಾ ಇದ್ದೀರಿ’ ಅಂತಾರೆ. ನಾವು ‘ಏನ್ ಮಾಡಾಕತ್ತೀರಿ’ ಅಂತೀವಿ. ನಮ್ಮ ಮಾತು ಕೇಳದ ಯಂತ್ರ ತಬ್ಬಿಬ್ಬಾಗುತ್ತದೆ. ತಪ್ಪು ನಮ್ಮ ಮಾತಿನದಲ್ಲ. ಅದಕ್ಕೆ ಕಲಿಸಿದವರೊಳಗೆ ನಾವು ಇರಲಿಲ್ಲ, ಅಷ್ಟೆ.

ಪಿಂಚಣಿ, ಪಹಣಿ, ಬೆಳೆಯ ರೋಗ, ಇವನ್ನೆಲ್ಲ ಫೋನಿಗೇ ಕೇಳುವ ಕಾಲ ಬರುತ್ತಿದೆ. ಅದಕ್ಕೆ ನಮ್ಮ ಮಾತು ತಿಳಿಯದಿದ್ದರೆ, ಮತ್ತೆ ಇನ್ನೊಬ್ಬರ ಬಾಗಿಲಿಗೆ ಹೋಗಬೇಕು. ಹೆಬ್ಬೆಟ್ಟಿನ ದಿನ ತಿರುಗಿ ಬಂದಂತೆ ಆಗುತ್ತದೆ. ಅದಕ್ಕೇ ಹೆಣ್ಣುಮಕ್ಕಳ ದನಿ ಬೇಕು. ಮುದುಕರ ದನಿ ಬೇಕು. ಮನೆಯಲ್ಲಿ ಉರ್ದು, ಲಂಬಾಣಿ ಆಡುವವರ ಕನ್ನಡವೂ ಬೇಕು.

ಭಾಷಾದಾನ

ಭಾರತ ಸರ್ಕಾರ 2022ರಲ್ಲಿ ‘ಭಾಷಿಣಿ’ ಎಂಬ ಯೋಜನೆ ಆರಂಭಿಸಿತು. ಅದರಲ್ಲಿ ‘ಭಾಷಾದಾನ’ ಎಂಬ ಭಾಗವಿದೆ. ‘ಬೋಲೋ ಇಂಡಿಯಾ’ದಲ್ಲಿ ಪರದೆಯ ಮೇಲೆ ಒಂದು ವಾಕ್ಯ ಬರುತ್ತದೆ. ಅದನ್ನು ಗಟ್ಟಿಯಾಗಿ ಓದಬೇಕು. ‘ಸುನೋ ಇಂಡಿಯಾ’ದಲ್ಲಿ ಕೇಳಿದ ಮಾತನ್ನು ಬರೆಯಬೇಕು. ಬೇರೆಯವರು ಓದಿದ್ದು ಸರಿ ಇದೆಯೇ ಎಂದೂ ನೋಡಿ ಹೇಳಬಹುದು.

ಇದಕ್ಕೆ ದೊಡ್ಡ ಕಲಿಕೆ ಬ್ಯಾಡ. ಒಂದು ವಾಕ್ಯ ತಡವರಿಸದೆ ಓದಲು ಬಂದರೆ ಸಾಕು. ಫೋನ್ ಬಳಸಲು ಬರದಿದ್ದರೆ ಮನೆಯ ಮಕ್ಕಳನ್ನು ಕರೆಯಿರಿ. ಅವರು ಒತ್ತಲಿ, ನೀವು ಓದಿರಿ. ನಿಮ್ಮ ರಾಗ, ನಿಮ್ಮ ಧಾಟಿ ಹಾಗೇ ಇರಲಿ.

ಒಂದು ಎಚ್ಚರ. ಮಾತು ಕೊಡಿರಿ. ಆದರೆ ಬ್ಯಾಂಕಿನ ಒಟಿಪಿ, ಪಿನ್ ನಂಬರು ಯಾರಿಗೂ ಹೇಳಬ್ಯಾಡ್ರಿ. ಈ ಸೇವೆಗೆ ರೊಕ್ಕ ಕಟ್ಟಬೇಕು ಅಂತ ಯಾರಾದರೂ ಹೇಳಿದರೆ, ಅದು ಮೋಸ ಎಂದು ತಿಳಿಯಿರಿ.

ನಿನ್ನೆ ನಿಮಗೆ ಓದು ಕಲಿಸಲು ಒಬ್ಬರು ಬಂದರು. ಇಂದು ನೀವು ಓದಿದ ವಾಕ್ಯದಿಂದ ಯಂತ್ರ ಕಲಿಯುತ್ತದೆ. ನಾಳೆ ಓದು ಬಾರದ ಇನ್ನೊಬ್ಬ ಅಕ್ಕ ಮಾತಾಡಿದಾಗ ಅದಕ್ಕೆ ತಿಳಿಯುತ್ತದೆ. ಇದೇ ಮುಯ್ಯಿ.

ಕೂಡಿ ಮಾತಾಡಿರಿ

1. ಫೋನಿಗೆ ತಿಳಿಯಲೇಬೇಕಾದ ನಮ್ಮ ಊರಿನ ಮಾತು ಯಾವುವು?
2. ನಿಮ್ಮ ಮನೆಯಲ್ಲಿ ಫೋನು ಯಾರ ಕೈಯಲ್ಲಿರುತ್ತದೆ? ಯಾಕೆ?